ಜೀಪಿನ ಮುಂದಿನ ಬಂಪರ್: ನಿಷೇಧವಿದೆ, ನಿಯಮವಿಲ್ಲ

ಮಾನ್ಯ ಸಂಪಾದಕರೇ,

ವಾಹನಗಳ ಮುಂಭಾಗಕ್ಕೆ ಹೊರಗಡೆ ಮಾಡಿಸಿ ಹಾಕಿದ ಕಬ್ಬಿಣದ ಗಾರ್ಡುಗಳನ್ನೆಲ್ಲ ರಸ್ತೆಯಲ್ಲೇ ಬಿಚ್ಚಿಸಿ ಗುಜರಿಗೆ ಹಾಕಬೇಕೆಂದು ಓದುಗರೊಬ್ಬರು ಈಚೆಗೆ ಈ ಅಂಕಣದಲ್ಲಿ ಬರೆದಿದ್ದರು. ಪೇಟೆಯ ಕಾರುಗಳ ಮೂತಿಯ ಮೇಲೆ ಥಳಥಳಿಸುವ ಪೈಪುಗಳ ಮಟ್ಟಿಗೆ ಅವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಮಲೆನಾಡಿನ ತೋಟಗಳಲ್ಲಿ, ಬೆಟ್ಟದ ಮಣ್ಣುದಾರಿಗಳಲ್ಲಿ ದುಡಿಯುವ ಜೀಪುಗಳಿಗೆ ಊರಿನ ವರ್ಕ್‌ಶಾಪುಗಳಲ್ಲಿ ಚಾನಲ್ (ಮೂರು ಮುಖದ ಕಬ್ಬಿಣದ ತೊಲೆ) ಕತ್ತರಿಸಿ ಮಾಡಿಸಿಕೊಂಡ ಬಂಪರುಗಳನ್ನೂ ಅವರು ಅದೇ ಪಟ್ಟಿಗೆ ಸೇರಿಸಿದ್ದಾರೆ. ಐಟಿಐಯಲ್ಲಿ ವೆಲ್ಡಿಂಗ್ ಕಲಿಸಿ ನಿವೃತ್ತನಾಗಿ, ಈಗಲೂ ಸುತ್ತಲಿನ ವರ್ಕ್‌ಶಾಪಿನ ಹುಡುಗರು ಸಲಹೆ ಕೇಳಿ ಬರುವ ಕಾರಣಕ್ಕೆ ಈ ಕೆಲಸವನ್ನು ಹತ್ತಿರದಿಂದ ನೋಡುತ್ತಿರುವ ನನಗೆ, ಇವೆರಡನ್ನೂ ಒಂದೇ ಎಂದು ತಿಳಿದದ್ದರಿಂದಲೇ ನಮ್ಮ ರಸ್ತೆಗಳಲ್ಲಿ ಇಂದು ಕೆಟ್ಟ ಬಂಪರುಗಳು ಉಳಿದುಕೊಂಡಿವೆ ಅನ್ನಿಸುತ್ತದೆ.

ಮೊದಲು ಕಾನೂನಿನ ಸ್ಥಿತಿಯನ್ನು ಹೇಳಿಬಿಡುತ್ತೇನೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳ ಸಾರಿಗೆ ಇಲಾಖೆಗಳಿಗೆ ಪತ್ರ ಬರೆದು, ಕ್ರ್ಯಾಶ್ ಗಾರ್ಡ್ ಅಥವಾ ಬುಲ್ ಬಾರ್ ಎಂಬ ಇಂಥ ಮುಂಭಾಗದ ಗಾರ್ಡುಗಳನ್ನು ಅಳವಡಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ, ಅದಕ್ಕೆ 190 ಮತ್ತು 191ನೇ ಸೆಕ್ಷನ್ನುಗಳ ಅಡಿ ದಂಡ ವಿಧಿಸಬಹುದು ಎಂದು ತಿಳಿಸಿತು. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯಾಗಿ 182ಎ ಸೆಕ್ಷನ್ ಸೇರಿದ ಮೇಲೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಾಗಿದೆ. ಇಷ್ಟೆಲ್ಲ ಇದ್ದರೂ 52ನೇ ಸೆಕ್ಷನ್ನಿನಲ್ಲೇ ಒಂದು ವಿವರಣೆಯಿದೆ: ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆಯನ್ನು ಮಾತ್ರ ಮಾರ್ಪಾಡು ಎನ್ನಬೇಕು. ನಾಲ್ಕು ಬೋಲ್ಟು ಬಿಚ್ಚಿದರೆ ಕೈಗೆ ಬರುವ ಬಂಪರು ಮೂಲ ಲಕ್ಷಣವನ್ನು ಬದಲಿಸುತ್ತದೆಯೇ, ಬದಲಿಸುವುದಾದರೆ ಯಾವ ಆಕಾರದ್ದು, ಎಷ್ಟು ತೂಕದ್ದು ಬದಲಿಸುತ್ತದೆ ಎಂಬುದಕ್ಕೆ ಅಳತೆಗೋಲು ಎಲ್ಲಿಯೂ ಇಲ್ಲ. ತಪಾಸಣೆಗೆ ನಿಂತ ಅಧಿಕಾರಿಯ ಕಣ್ಣಳತೆಯೇ ಅಂತಿಮ.

ಹಳೆಯ ಜೀಪುಗಳ ವಿಷಯದಲ್ಲಿ ಈ ಕಣ್ಣಳತೆ ವಿಚಿತ್ರ ಫಲಿತಾಂಶ ಕೊಡುತ್ತದೆ. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳ ಬಿಡಿಭಾಗ ತರಿಸಿ ಜೋಡಿಸಲು ಆರಂಭಿಸಿದ್ದು 1947ರಲ್ಲಿ. ಅಲ್ಲಿಂದ ಮುಂದೆ ಬಂದ ಎಂಎಂ540, ಎಂಎಂ550, ಕಮಾಂಡರ್, ಮೇಜರ್ ಮುಂತಾದವುಗಳನ್ನು ನಮ್ಮ ಜನ ಮಾದರಿಯ ಹೆಸರು ಹಿಡಿಯದೆ ಸುಮ್ಮನೆ ಜೀಪು ಎಂದೇ ಕರೆದರು. ಈ ಜೀಪುಗಳಿಗೆ ಕಂಪನಿಯಿಂದಲೇ ಬರುತ್ತಿದ್ದ ಬಂಪರೆಂದರೆ ಚಾಸಿಯ (ವಾಹನವನ್ನು ಹೊತ್ತ ಕಬ್ಬಿಣದ ಚೌಕಟ್ಟಿನ) ಮುಂದೆ ಚಾಚಿದ ಎರಡು ಕೊಂಬುಗಳಿಗೆ ಬೋಲ್ಟು ಹಾಕಿ ಕೂರಿಸಿದ ಒಂದು ಕಬ್ಬಿಣದ ಚಾನಲ್, ಅಷ್ಟೆ. ಕೊಡಚಾದ್ರಿಗೆ, ಮಡಿಕೇರಿ ಬಳಿಯ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳಲ್ಲಿ, ಕಾಫಿ ಮೂಟೆಯನ್ನೂ ಕೂಲಿಯಾಳುಗಳನ್ನೂ ರಾತ್ರಿ ಹೊತ್ತು ಹೆರಿಗೆ ನೋವಿನ ಹೆಂಗಸರನ್ನೂ ಸಾಗಿಸುವ ತೋಟದ ಜೀಪುಗಳಲ್ಲಿ ಆ ಚಾನಲ್ ಮಳೆಗೆ ತುಕ್ಕು ಹಿಡಿದು ಎಂದೋ ಕರಗಿದೆ. ಆ ಜೀಪುಗಳ ತಯಾರಿಕೆ ನಿಂತೇ ವರ್ಷಗಳಾಗಿವೆ. ಆಗ ಮಾಲೀಕರು ಅಂಥದ್ದೇ ಚಾನಲ್ ತಂದು ಅದೇ ತೂತುಗಳಿಗೆ ಬೋಲ್ಟು ಹಾಕಿಸಿದರೆ ಅದನ್ನು ದುರಸ್ತಿ ಎನ್ನಬೇಕೇ ಹೊರತು ಅಪರಾಧ ಎನ್ನಬಾರದು. ಆದರೆ ಕಬ್ಬಿಣ ಕಂಡ ಕೂಡಲೇ ರಸೀದಿ ಪುಸ್ತಕ ತೆಗೆಯುವ ಪದ್ಧತಿಯಲ್ಲಿ ಈ ವ್ಯತ್ಯಾಸಕ್ಕೆ ಜಾಗವಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಊರಿನ ವರ್ಕ್‌ಶಾಪುಗಳಲ್ಲಿ ತಯಾರಾಗುವುದೆಲ್ಲ ಸರಿಯಾಗಿದೆ ಎಂದು ವಾದಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ಬಹಳಷ್ಟು ಬಂಪರುಗಳು ಸರಿಯಾಗಿಲ್ಲ. ಏಕೆ ಸರಿಯಾಗಿಲ್ಲ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಏಕೆಂದರೆ ಬಂಪರಿನ ಯೋಗ್ಯತೆಯನ್ನು ಎಲ್ಲರೂ ಅಳೆಯುವುದು ಮುಂದೆ ಕಾಣುವ ಪೈಪು, ಪ್ಲೇಟು, ಬಣ್ಣದಿಂದ, ಆದರೆ ಅದು ನಿರ್ಧಾರವಾಗುವುದು ಹಿಂದೆ, ಚಾಸಿಗೆ ಅದು ಕೂರುವ ಜಾಗದಲ್ಲಿ.

ಕಲ್ಲುಮಣ್ಣಿನ ದಾರಿಯಲ್ಲಿ ಓಡುವ ವಾಹನಕ್ಕೆ ಗಟ್ಟಿ ಬಂಪರು ಏಕೆ ಬೇಕು ಎಂಬ ಪ್ರಶ್ನೆಗೆ ಹಲವರು ಕೊಡುವ ಉತ್ತರ, ಗುದ್ದಿದರೆ ತಡೆಯಲಿ ಎಂದು. ನಿಜವಾದ ಉತ್ತರ ಬೇರೆ. ಜೀಪು ಹೂತಾಗ ಅದನ್ನು ಹಗ್ಗ ಕಟ್ಟಿ ಎಳೆಯಲು ನಂಬಿಕಸ್ತವಾದ ಎರಡು ಕೊಂಡಿಗಳು ಬೇಕು, ಹಗ್ಗ ಸುತ್ತಿ ಎಳೆಯುವ ಯಂತ್ರವಾದ ವಿಂಚ್ ಇಟ್ಟುಕೊಂಡವರಿಗೆ ಅದು ಕೂರಲು ಗಟ್ಟಿ ನೆಲೆ ಬೇಕು, ಹಳ್ಳದಿಂದ ಏರುವಾಗ ಮೂತಿ ದರೆಗೆ ತಾಗದಂತೆ ಬಂಪರು ಚಿಕ್ಕದಾಗಿ ಎತ್ತರದಲ್ಲಿರಬೇಕು. ಮಹೀಂದ್ರದ ಹೊಸ ಥಾರ್ ಬಿಡುಗಡೆಯಾದಾಗ ಅದರ ಮುಂದಿನ ಏರುಕೋನವನ್ನು, ಅಂದರೆ ಮೂತಿ ತಾಗದೆ ಏರಬಲ್ಲ ದಿಬ್ಬದ ಕೋನವನ್ನು, 41 ಡಿಗ್ರಿಗೂ ಹೆಚ್ಚು ಎಂದು, ಮಾರುತಿಯ ಜಿಮ್ನಿಯದ್ದನ್ನು 36 ಡಿಗ್ರಿ ಎಂದು ಕಂಪನಿಗಳು ಹೆಮ್ಮೆಯಿಂದ ಹೇಳಿಕೊಂಡವು. ಅಂಥ ವಾಹನವನ್ನು ಕೊಂಡು, ಅದರ ಮುಂದೆ ಮೊಣಕಾಲಿನ ಮಟ್ಟಕ್ಕೆ ಇಳಿಯುವ ಅಗಲವಾದ ಪ್ಲೇಟು ಹೊಡೆಸಿದರೆ ಆ ಕೋನವೂ ಹೋಯಿತು, ಕೊಟ್ಟ ದುಡ್ಡೂ ಹೋಯಿತು. ದಾರಿಯಲ್ಲದ ದಾರಿಯಲ್ಲಿ ಓಡಿಸುವ ಆಸೆಯಿಂದ ಮಾಡಿಸಿದ ಬಂಪರೇ ಆ ದಾರಿಗೆ ಅಡ್ಡವಾಗಿ ನಿಲ್ಲುವ ಉದಾಹರಣೆಗಳನ್ನು ನಮ್ಮ ಕಡೆ ಬೇಕಾದಷ್ಟು ನೋಡಬಹುದು.

ತೂಕದ ಲೆಕ್ಕವನ್ನು ಮಾಡುವವರು ಇನ್ನೂ ಕಡಿಮೆ. 100 ಮಿ.ಮೀ. ಎತ್ತರ, 50 ಮಿ.ಮೀ. ಅಂಚಿನ ಸಾಮಾನ್ಯ ಚಾನಲ್ ಒಂದು ಮೀಟರಿಗೆ ಸುಮಾರು 9.5 ಕೆ.ಜಿ. ತೂಗುತ್ತದೆ. ಹಳೆಯ ಜೀಪಿಗೆ ಬೇಕಾದ ಒಂದೂಕಾಲು ಅಥವಾ ಒಂದೂವರೆ ಮೀಟರಿಗೆ 12ರಿಂದ 14 ಕೆ.ಜಿ. ಆಯಿತು. ಅದೇ 5 ಮಿ.ಮೀ. ಪ್ಲೇಟಿನಲ್ಲಿ ಪೆಟ್ಟಿಗೆಯಾಕಾರದ ಬಂಪರು ಮಾಡಿದರೆ, ಪ್ಲೇಟು ಚದರ ಮೀಟರಿಗೆ 39 ಕೆ.ಜಿ. ಇರುವುದರಿಂದ, ಬ್ರ್ಯಾಕೆಟ್ಟುಗಳೂ ಸೇರಿ 45 ಕೆ.ಜಿ.ಯ ಗಡಿ ಸುಲಭವಾಗಿ ದಾಟುತ್ತದೆ. ಅದರ ಮೇಲೆ ತಂತಿಹಗ್ಗದ ವಿಂಚ್ ಕೂರಿಸಿದರೆ ಒಟ್ಟು 80 ಕೆ.ಜಿ. ಆಗುವುದು ಅಪರೂಪವೇನಲ್ಲ. ಈ ತೂಕ ಕೂರುವುದು ಮುಂದಿನ ಚಕ್ರಗಳ ಮೇಲಲ್ಲ, ಅವಕ್ಕಿಂತ ಮುಂದೆ. ಚಕ್ರಗಳ ನಡುವಿನ ಅಂತರ 2,450 ಮಿ.ಮೀ. ಇರುವ ವಾಹನದಲ್ಲಿ, ಮುಂದಿನ ಆಕ್ಸೆಲಿನಿಂದ 700 ಮಿ.ಮೀ. ಮುಂದೆ 80 ಕೆ.ಜಿ. ತೂಗುಹಾಕಿದರೆ ಮುಂದಿನ ಆಕ್ಸೆಲಿನ ಮೇಲೆ ಬೀಳುವ ಹೆಚ್ಚಿನ ಭಾರ ಸುಮಾರು 103 ಕೆ.ಜಿ.; ಉಳಿದ 23 ಕೆ.ಜಿ. ಹಿಂದಿನ ಚಕ್ರಗಳಿಂದ ಕಳೆದುಹೋಗುತ್ತದೆ. ಅಂದರೆ ಬಂಪರು ಮುಂದೆ ಹಾಕಿದರೂ ವಾಹನದ ಹಿಂಭಾಗ ಹಗುರವಾಗುತ್ತದೆ. ಒದ್ದೆಯಾದ ಘಾಟಿಯ ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಮೊದಲೇ ಮುಂದಕ್ಕೆ ವಾಲುವ ಭಾರಕ್ಕೆ ಇದೂ ಸೇರಿದರೆ ಹಿಂದಿನ ಚಕ್ರ ಜಾರುವ ಸಂಭವ ಹೆಚ್ಚು. ಮುಂದಿನ ಸ್ಪ್ರಿಂಗ್ ಕುಸಿದು, ಹೆಡ್‌ಲೈಟಿನ ಬೆಳಕು ತಗ್ಗಿ, ಸ್ಟೀರಿಂಗ್ ಬಿಗಿಯಾದ ಮೇಲೆ ಮೆಕ್ಯಾನಿಕ್ಕನನ್ನು ಬೈಯುವ ಮಾಲೀಕರು ಬಂಪರನ್ನು ತಕ್ಕಡಿಗೆ ಹಾಕಿ ನೋಡಿದ್ದರೆ ಸಾಕಿತ್ತು.

ಇನ್ನು ಬೆಸುಗೆ. ನಾನು ಕಲಿಸಿದ ವಿದ್ಯೆಯಾದ್ದರಿಂದ ಇಲ್ಲಿ ತುಸು ಕಟುವಾಗಿ ಬರೆದರೆ ಕ್ಷಮೆಯಿರಲಿ. ದಪ್ಪ ಪ್ಲೇಟುಗಳ ಅಂಚನ್ನು ಇಳಿಜಾರಾಗಿ ಗ್ರೈಂಡ್ ಮಾಡಿ ಸಂದು ತೆಗೆಯದೆ ಮೇಲುಮೇಲೆ ರಾಡ್ ಎಳೆದು, ಅನಂತರ ಆ ಬೆಸುಗೆಯನ್ನೂ ಕಾಣದಂತೆ ಉಜ್ಜಿ ನುಣುಪು ಮಾಡಿ, ಪುಟ್ಟಿ ಹಚ್ಚಿ, ಕಪ್ಪು ಬಣ್ಣ ಹೊಡೆಯುವುದು ಈಗಿನ ಫ್ಯಾಶನ್. ಗಿರಾಕಿಗೆ ಜೋಡಣೆಯೇ ಇಲ್ಲದಂತೆ ಕಾಣುವ ಬಂಪರು ಬೇಕು. ಆದರೆ ಒಳಗೆ ಇಳಿಯದ ಬೆಸುಗೆಯ ಮೇಲ್ಭಾಗವನ್ನೂ ಉಜ್ಜಿ ತೆಗೆದರೆ ಎರಡು ಪ್ಲೇಟುಗಳನ್ನು ಹಿಡಿದಿಡಲು ಉಳಿಯುವುದು ಕಾಗದದಷ್ಟು ಲೋಹ. ಎಳೆಯುವ ಕೊಂಡಿಯ ವಿಷಯದಲ್ಲಂತೂ ಇದು ಪ್ರಾಣಕ್ಕೆ ಸಂಬಂಧಿಸಿದ ಮಾತು. 16 ಅಥವಾ 20 ಮಿ.ಮೀ. ದಪ್ಪದ ಕೊಂಡಿಯ ಪ್ಲೇಟನ್ನು ಬಂಪರಿನ ಮುಖದ ಮೇಲೆ ಸುಮ್ಮನೆ ಅಂಟಿಸಿದಂತೆ ಬೆಸೆದರೆ ಎಳೆತವೆಲ್ಲ ಆ ಬೆಸುಗೆಯ ಮೇಲೆಯೇ ಬೀಳುತ್ತದೆ. ಮುಖದಲ್ಲಿ ಸೀಳು ಕೊರೆದು, ಕೊಂಡಿಯನ್ನು ಒಳಗೆ ತೂರಿಸಿ, ಮುಂದೆಯೂ ಹಿಂದೆಯೂ ಬೆಸೆದು, ಸಾಧ್ಯವಾದರೆ ಅದನ್ನೇ ಹಿಂದಕ್ಕೆ ಉದ್ದ ಬಿಟ್ಟು ಚಾಸಿಯ ಬ್ರ್ಯಾಕೆಟ್ಟನ್ನಾಗಿ ಮಾಡಿದರೆ ಎಳೆತ ನೇರವಾಗಿ ಚಾಸಿಗೆ ಹೋಗುತ್ತದೆ. ಬಂಪರಿನ ಮುಖಕ್ಕೆ ಅದರ ಹೊರೆಯೇ ಇಲ್ಲ. ಇದಕ್ಕೆ ಹೆಚ್ಚುವರಿ ಖರ್ಚು ಅರ್ಧ ದಿನದ ಕೂಲಿ ಮತ್ತು ಒಂದಿಷ್ಟು ಕಬ್ಬಿಣ.

ಆಕ್ಸೆಲ್‌ವರೆಗೆ ಕೆಸರಿನಲ್ಲಿ ಹೂತ ವಾಹನವನ್ನು ಹೊರಗೆಳೆಯಲು ಬೇಕಾಗುವ ಬಲ ಅದರ ತೂಕದಷ್ಟೇ ಆಗಬಹುದು, ಅದನ್ನು ಮೀರಲೂಬಹುದು. 9,500 ಪೌಂಡಿನ ವಿಂಚ್ ಎಂದು ಬರೆದಿದ್ದರೆ ಅದು ಸುಮಾರು 4,300 ಕೆ.ಜಿ. ಬಲದಿಂದ ಜಗ್ಗಬಲ್ಲದು ಎಂದರ್ಥ. ಎಳೆತದ ನಡುವೆ ಕೊಂಡಿ ಕಿತ್ತುಬಂದರೆ ಆ ಕಬ್ಬಿಣದ ತುಂಡು, ಅದಕ್ಕೆ ಸಿಕ್ಕಿಸಿದ ಡಿ ಆಕಾರದ ಉಕ್ಕಿನ ಕೊಳಿಕೆ (ಶಕಲ್) ಸಮೇತ, ಹಗ್ಗ ಹಿಡಿದು ನಿಂತವರ ಕಡೆಗೆ ಕವಣೆಕಲ್ಲಿನಂತೆ ಹಾರುತ್ತದೆ. ಹೂತ ಜೀಪಿನ ಸುತ್ತ ಅರ್ಧ ಊರೇ ಗುಂಪುಗೂಡಿ ಸಲಹೆ ಕೊಡುವ ನಮ್ಮಲ್ಲಿ ಅದು ಯಾರಿಗೆ ಬಡಿಯಬಹುದೆಂದು ವಿವರಿಸಬೇಕಾಗಿಲ್ಲ. ದಪ್ಪ ಕಂಬಳಿಯನ್ನೋ ಒದ್ದೆ ಗೋಣಿಯನ್ನೋ ಹಗ್ಗದ ನಡುವೆ ಹಾಕುವುದು, ಜನರನ್ನು ಹಗ್ಗದ ಉದ್ದಕ್ಕಿಂತಲೂ ದೂರ ನಿಲ್ಲಿಸುವುದು ಒಳ್ಳೆಯ ಅಭ್ಯಾಸ. ಆದರೆ ಕೊಂಡಿ ಕೀಳದಂತೆ ಮಾಡುವುದು ಅದಕ್ಕಿಂತ ಮೊದಲಿನ ಕೆಲಸ.

ಬೋಲ್ಟಿನ ಬಗ್ಗೆಯೂ ಎರಡು ಮಾತು. ತಲೆಯ ಮೇಲೆ 8.8 ಎಂದು ಅಚ್ಚೊತ್ತಿದ 12 ಮಿ.ಮೀ. ಬೋಲ್ಟೊಂದು ರೂಪಗೆಡದೆ ತಡೆಯುವ ಎಳೆತ ಸುಮಾರು 5 ಟನ್. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುವ 4.8 ದರ್ಜೆಯ ಬೋಲ್ಟು ಅದರ ಅರ್ಧದ ಆಸುಪಾಸಿನಲ್ಲಿದೆ. ತಲೆಯ ಮೇಲೆ ಏನೂ ಬರೆಯದ ಬೋಲ್ಟಿನ ಬಲ ಅದನ್ನು ಮಾಡಿದವನಿಗೇ ಗೊತ್ತು. ಬಂಪರಿಗೆ ಸಾವಿರಾರು ರೂಪಾಯಿ ಸುರಿದು ಬೋಲ್ಟಿನಲ್ಲಿ ಇನ್ನೂರು ರೂಪಾಯಿ ಉಳಿಸುವುದನ್ನು ನಾನು ಅರ್ಥ ಮಾಡಿಕೊಳ್ಳಲಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ತೂತುಗಳು ಕೂಡಿಬರಲಿಲ್ಲವೆಂದು ಬಂಪರನ್ನು ನೇರವಾಗಿ ಚಾಸಿಗೇ ಬೆಸೆದುಬಿಡುವುದು. ಹಾಗೆ ಮಾಡಿದಾಗ ಬೆಸುಗೆಯ ಪಕ್ಕದ ಲೋಹ ಕಾಯ್ದು ಅದರ ಗುಣ ಬದಲಾಗುತ್ತದೆ, ಕಾಲಾಂತರದಲ್ಲಿ ಅಲ್ಲಿಂದಲೇ ಬಿರುಕು ಹೊರಡುತ್ತದೆ, ಸಣ್ಣ ಅಪಘಾತದ ಪೆಟ್ಟೂ ಚಾಸಿಯನ್ನು ಸೊಟ್ಟ ಮಾಡುತ್ತದೆ. ಬೋಲ್ಟಿನ ಬಂಪರಾದರೆ ಬಿಚ್ಚಿ ಬೇರೆ ಹಾಕಬಹುದು. ಚಾಸಿ ಸೊಟ್ಟಗಾದ ಜೀಪು ಆಮೇಲೆ ನೇರಕ್ಕೆ ಓಡುವುದಿಲ್ಲ. ಹಳೆಯ ಜೀಪಿನ ಎರಡು ಕೊಂಬುಗಳು ಸಮನಾಗಿವೆ ಎಂದು ನಂಬದೆ, ಮೂಲೆಯಿಂದ ಮೂಲೆಗೆ ಟೇಪು ಹಿಡಿದು, ರಟ್ಟಿನಲ್ಲಿ ಅಚ್ಚು ಕತ್ತರಿಸಿಟ್ಟು ನೋಡಿ, ಆಮೇಲೆ ಕಬ್ಬಿಣಕ್ಕೆ ಕೈಹಚ್ಚಿದರೆ ತೂತು ಕೂಡಿಬಾರದ ಪ್ರಶ್ನೆಯೇ ಹುಟ್ಟುವುದಿಲ್ಲ. ಗಾಡಿಯ ಮೇಲೆಯೇ ಸಣ್ಣ ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹಾಕಬೇಕಾಗಿ ಬಂದರೆ ಬ್ಯಾಟರಿಯ ವೈರು ಬಿಚ್ಚಿರಬೇಕೆಂಬುದು ಎಲ್ಲರಿಗೂ ತಿಳಿದಿದೆ ಎಂದುಕೊಂಡಿದ್ದೆ, ಹಾಗೇನೂ ಇಲ್ಲ.

ಪೈಪಿನ ಬಗ್ಗೆ ಹೇಳದೆ ಈ ಭಾಗ ಮುಗಿಯುವುದಿಲ್ಲ. ಮನೆಯಲ್ಲೇ ಬಂಪರು ಮಾಡಲು ಹೊರಡುವ ಹುಡುಗರು ಮೊದಲು ಕೈಹಾಕುವುದು ಗುಜರಿಯಲ್ಲಿ ಸಿಗುವ ಸತು ಲೇಪಿಸಿದ ನೀರಿನ ಪೈಪಿಗೆ. ಅದನ್ನು ಲೇಪ ತೆಗೆಯದೆ ಬೆಸೆದಾಗ ಏಳುವ ಬಿಳಿ ಹೊಗೆ ಸತುವಿನದು. ಮುಚ್ಚಿದ ಶೆಡ್ಡಿನಲ್ಲಿ ಕುಳಿತು ಅದನ್ನು ಕುಡಿದವರಿಗೆ ಅದೇ ರಾತ್ರಿ ಚಳಿಜ್ವರ, ಮೈಕೈ ನೋವು ಬರುತ್ತದೆ. ಬೆಸೆಯುವವರ ಕಷ್ಟ ಒಂದು ರಾತ್ರಿಯದು, ಮರುದಿನ ಇಳಿಯುತ್ತದೆ. ಆ ಪೈಪಿನಿಂದ ರಸ್ತೆಯ ಮೇಲಿರುವವರಿಗೆ ಒದಗುವ ಕಷ್ಟ ಹಾಗಲ್ಲ.

ಪತ್ರ ಬರೆದ ಓದುಗರ ಸಿಟ್ಟನ್ನು ನಾನು ಒಪ್ಪುವುದು ಇಲ್ಲಿ. ಕೇಂದ್ರ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು, ಸುಮಾರು ಶೇ 19 ಮಂದಿ ಕಾಲ್ನಡಿಗೆಯಲ್ಲಿದ್ದವರು. ಈಗಿನ ಕಾರುಗಳ ಪ್ಲಾಸ್ಟಿಕ್ ಬಂಪರು, ಅದರ ಹಿಂದಿನ ಫೋಮ್, ಬಾನೆಟ್ಟಿನ ತೆಳು ತಗಡು ಇವೆಲ್ಲ ಮನುಷ್ಯನ ಕಾಲಿಗೆ, ಸೊಂಟಕ್ಕೆ, ತಲೆಗೆ ಬೀಳುವ ಪೆಟ್ಟನ್ನು ಒಂದಿಷ್ಟಾದರೂ ಹೀರಿಕೊಳ್ಳುವಂತೆ ಮಾಡಿದವು. ಅದರ ಮುಂದೆ ಸೊಂಟದೆತ್ತರಕ್ಕೆ ಬಾಗಿಸಿದ ಪೈಪನ್ನು ನಿಲ್ಲಿಸಿದರೆ, ದೊಡ್ಡವರ ಸೊಂಟಕ್ಕೆ ಬಡಿಯುವ ಪೈಪು ಶಾಲೆಗೆ ಹೋಗುವ ಮಗುವಿನ ತಲೆಗೇ ಬಡಿಯುತ್ತದೆ. ಜೀಪಿನವರಾಗಲಿ, ತೋಟದವರಾಗಲಿ, ಈ ಎದ್ದುನಿಂತ ಪೈಪಿಗೆ ಕೊಡುವ ಯಾವ ಸಮರ್ಥನೆಯೂ ನಿಲ್ಲುವುದಿಲ್ಲ. ಕೊಂಡಿಗೆ ಅದು ಬೇಡ, ವಿಂಚಿಗೆ ಬೇಡ, ಏರುಕೋನಕ್ಕೆ ಬೇಡ. ಹಂದಿ ಅಡ್ಡ ಬಂದರೆ ಎನ್ನುವವರಿಗೆ ವೇಗ ತಗ್ಗಿಸಿ ಎನ್ನುವುದೇ ಉತ್ತರ. ಆನೆ ಅಡ್ಡ ಬಂದರೆ ಪೈಪು ಯಾವ ಉಪಕಾರವನ್ನೂ ಮಾಡದು. ಬಂಪರಿನ ತುದಿಗಳು ಮಡ್‌ಗಾರ್ಡಿನಿಂದ ಹೊರಗೆ ಚಾಚಿದ್ದರೂ ಅಷ್ಟೇ ಅಪಾಯ, ಪಕ್ಕದಲ್ಲಿ ಹೋಗುವ ಬೈಕಿನವರ ಮೊಣಕಾಲಿಗೆ ಅದು ಕೊಕ್ಕೆಯಾಗುತ್ತದೆ.

ಹೊಸ ವಾಹನಗಳಲ್ಲಿ ಇನ್ನೊಂದು ತೊಡಕಿದೆ. 2019ರ ಜುಲೈಯಿಂದ ಚಾಲಕನ ಬದಿಗೆ, 2021ರ ಅಂತ್ಯದ ಹೊತ್ತಿಗೆ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಮುಂದಿನಿಂದ ಪೆಟ್ಟು ಬಿದ್ದಾಗ ವಾಹನದ ವೇಗ ಎಷ್ಟು ಬೇಗ ಕುಸಿಯಿತು ಎಂಬುದನ್ನು ಸೆನ್ಸರುಗಳು ಅಳೆದು, ಕಣ್ಣು ಮಿಟುಕಿಸುವುದರೊಳಗೆ ಚೀಲ ಉಬ್ಬಿಸಬೇಕೋ ಬೇಡವೋ ಎಂದು ನಿರ್ಧರಿಸುತ್ತವೆ. ಆ ಲೆಕ್ಕ ಮಾಡಿರುವುದು ಕಂಪನಿಯ ಮೂಲ ಬಂಪರು, ಅದರ ಹಿಂದೆ ಮುದುಡಲೆಂದೇ ಇಟ್ಟ ಭಾಗ, ಚಾಸಿಯ ತುದಿ ಇವೆಲ್ಲ ಯಾವ ರೀತಿ ಕುಗ್ಗುತ್ತವೆ ಎಂಬುದರ ಮೇಲೆ. ಅವುಗಳ ಬದಲು ಬಾಗದ ಕಬ್ಬಿಣ ಕೂರಿಸಿದರೆ ಸೆನ್ಸರಿಗೆ ತಲುಪುವ ಸೂಚನೆಯೇ ಬದಲಾಗುತ್ತದೆ. ಚೀಲ ಉಬ್ಬಬೇಕಾದಾಗ ತಡವಾಗಬಹುದು, ಬೇಡವಾದಾಗ ಉಬ್ಬಬಹುದು. ಆದ್ದರಿಂದ ಏರ್‌ಬ್ಯಾಗ್ ಇರುವ ವಾಹನಕ್ಕೆ ಮನೆಯಂಗಳದಲ್ಲಿ ಬಂಪರು ಮಾಡುವುದನ್ನು ನಾನು ಬೆಂಬಲಿಸುವುದಿಲ್ಲ. ಅಂಥ ವಾಹನಕ್ಕೆ ಪರೀಕ್ಷೆಯಾಗಿ ಬಂದ ಬಂಪರೇ ಬೇಕು, ಇಲ್ಲದಿದ್ದರೆ ಕಂಪನಿಯದೇ ಇರಲಿ. ಏರ್‌ಬ್ಯಾಗೂ ಇಲ್ಲದ, ಮುದುಡುವ ಭಾಗವೂ ಇಲ್ಲದ, ಮೂಲದಲ್ಲೇ ಕಬ್ಬಿಣದ ಚಾನಲ್ ಹೊತ್ತಿದ್ದ ಹಳೆಯ ಜೀಪಿನ ಪ್ರಶ್ನೆಯೇ ಬೇರೆ ಎಂದು ನಾನು ಹೇಳುತ್ತಿರುವುದೂ ಇದೇ ಕಾರಣಕ್ಕೆ.

ಈಗಿನ ನಿಷೇಧದಿಂದ ಏನಾಗಿದೆ ನೋಡಿ. ಎಫ್‌ಸಿಗೆ (ವಾಹನದ ಯೋಗ್ಯತಾ ತಪಾಸಣೆಗೆ) ಹೋಗುವ ಹಿಂದಿನ ದಿನ ಬಂಪರನ್ನು ಬಿಚ್ಚಿಟ್ಟು, ಆರ್‌ಟಿಒ ಕಚೇರಿಯಿಂದ ಮರಳಿದ ಸಂಜೆಗೇ ಮತ್ತೆ ಹಾಕುವ ಪದ್ಧತಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಹೀಗಾಗಿ ಬಂಪರನ್ನು ನೋಡಬೇಕಾದ ಮೋಟಾರು ವಾಹನ ನಿರೀಕ್ಷಕರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಬೆಸುಗೆ ಸರಿಯಿದೆಯೇ, ಬೋಲ್ಟು ಯಾವ ದರ್ಜೆಯದು, ತುದಿ ಹೊರಚಾಚಿದೆಯೇ, ನಂಬರ್ ಪ್ಲೇಟೂ ಇಂಡಿಕೇಟರೂ ಮರೆಯಾಗಿವೆಯೇ, ಸಾಲಾಗಿ ಕಟ್ಟಿದ ದೀಪಗಳು ರೇಡಿಯೇಟರಿಗೆ ಗಾಳಿ ಹೋಗದಂತೆ ತಡೆದಿವೆಯೇ ಎಂದು ಕೇಳುವವರಿಲ್ಲ. ಒಳ್ಳೆಯದನ್ನು ಮಾಡಿದವನಿಗೂ ಕೆಟ್ಟದ್ದನ್ನು ಮಾಡಿದವನಿಗೂ ಸಿಗುವುದು ಅದೇ 5,000 ರೂಪಾಯಿಯ ಭಯ. ಹೀಗಿರುವಾಗ ಹೆಚ್ಚು ಖರ್ಚು ಮಾಡಿ ಒಳ್ಳೆಯದನ್ನು ಮಾಡಿಸಲು ಯಾವ ಮಾಲೀಕನಿಗೆ ಮನಸ್ಸಾದೀತು? ಅಪಘಾತವಾದಾಗ ವಿಮಾ ಕಂಪನಿಯೊಡನೆ ತಗಾದೆ ಬೇರೆ, ಏಕೆಂದರೆ ಈ ಬಂಪರು ಆರ್‌ಸಿಯಲ್ಲಿಲ್ಲ, ಪಾಲಿಸಿಯಲ್ಲೂ ಇಲ್ಲ.

ಬೇರೆ ದೇಶಗಳು ಈ ಪ್ರಶ್ನೆಯನ್ನು ಹೀಗೆ ಬಿಟ್ಟಿಲ್ಲ. ಆಸ್ಟ್ರೇಲಿಯಾದಲ್ಲಿ ಕಾಂಗರೂಗಳ ಕಾಟದಿಂದಾಗಿ ಹಳ್ಳಿಗಾಡಿನ ವಾಹನಗಳಿಗೆ ಬುಲ್ ಬಾರ್ ಮಾಮೂಲಿ. ಅಲ್ಲಿ 2002ರಲ್ಲೇ ಇದಕ್ಕೊಂದು ರಾಷ್ಟ್ರೀಯ ಮಾನದಂಡ ಪ್ರಕಟವಾಯಿತು. ಯುರೋಪಿಯನ್ ಒಕ್ಕೂಟ 2005ರಲ್ಲಿ ನಿರ್ದೇಶನ ಹೊರಡಿಸಿ, ಪಾದಚಾರಿಗೆ ತಾಗಿದರೆ ಎಷ್ಟು ಪೆಟ್ಟಾಗುತ್ತದೆ ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾದವುಗಳಿಗೆ ಮಾತ್ರ ಅವಕಾಶ ಕೊಟ್ಟಿತು. ಅವೆರಡನ್ನೂ ಹಾಗೆಯೇ ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿನ ಪರೀಕ್ಷೆಯ ಖರ್ಚನ್ನು ಮೂಡಿಗೆರೆಯ ವರ್ಕ್‌ಶಾಪು ಹೊರಲಾರದು. ಆದರೆ ನಮ್ಮ ಕಾಯ್ದೆಯೊಳಗೇ ದಾರಿಯಿದೆ. 2019ರ ತಿದ್ದುಪಡಿಯಲ್ಲಿ 52ನೇ ಸೆಕ್ಷನ್ನಿಗೆ ಸೇರಿದ ಷರತ್ತೊಂದು, ವಾಹನಗಳ ಮಾರ್ಪಾಡಿಗೆ ಬೇಕಾದ ವಿವರ, ಅನುಮೋದನೆಯ ನಿಬಂಧನೆ, ಮರುಜೋಡಣೆಯ ನಿಯಮಗಳನ್ನು ಕೇಂದ್ರ ಸರ್ಕಾರ ರೂಪಿಸಬಹುದು ಎನ್ನುತ್ತದೆ. ಪೆಟ್ರೋಲ್ ಕಾರಿಗೆ ಹೊರಗಿನ ಸಿಎನ್‌ಜಿ ಕಿಟ್ ಹಾಕಿಸಿ ಆರ್‌ಸಿಯಲ್ಲಿ ನಮೂದಿಸುವ ವ್ಯವಸ್ಥೆ ಹಿಂದಿನಿಂದಲೂ ಇದೆ. ಉರಿಯುವ ಅನಿಲದ ಸಿಲಿಂಡರನ್ನು ಡಿಕ್ಕಿಯಲ್ಲಿ ಕೂರಿಸಲು ನಿಯಮ ಮಾಡಬಲ್ಲ ಸರ್ಕಾರಕ್ಕೆ, ಬೋಲ್ಟು ಹಾಕಿ ಕೂರಿಸುವ ಒಂದು ಚಾನಲ್ಲಿಗೆ ನಿಯಮ ಮಾಡುವುದು ಕಷ್ಟವಾಗಬಾರದು.

ಆ ನಿಯಮ ಉದ್ದವಾಗಿರಬೇಕಿಲ್ಲ. ಏರ್‌ಬ್ಯಾಗ್ ಇಲ್ಲದ, ಚಾಸಿಯ ಮೇಲೆ ಕಟ್ಟಿದ ವಾಹನಗಳಿಗೆ ಮಾತ್ರ ಅನ್ವಯ, ಬಂಪರಿನ ಯಾವ ಭಾಗವೂ ಬಾನೆಟ್ಟಿನ ಅಂಚಿನವರೆಗೆ ಏರಬಾರದು, ಮಡ್‌ಗಾರ್ಡಿನಿಂದ ಹೊರಚಾಚಬಾರದು, ತುದಿಗಳು ದುಂಡಗಿರಬೇಕು, ಇಷ್ಟು ಕೆ.ಜಿ.ಗಿಂತ ಹೆಚ್ಚು ತೂಗಬಾರದು. ಚಾಸಿಯಲ್ಲಿ ಮೊದಲೇ ಇರುವ ತೂತುಗಳಿಗೆ ಗುರುತಿನ ದರ್ಜೆಯ ಬೋಲ್ಟುಗಳಿಂದಲೇ ಜೋಡಿಸಬೇಕು, ಬೆಸೆಯಕೂಡದು. ಕೊಂಡಿಗಳಿಗೆ ಇಂತಿಷ್ಟು ದಪ್ಪ, ಎರಡೂ ಬದಿಯ ಬೆಸುಗೆ. ವಾಹನಗಳನ್ನು ಪರೀಕ್ಷಿಸುವ ಪುಣೆಯ ಎಆರ್‌ಎಐನಂಥ ಸಂಸ್ಥೆ ಒಮ್ಮೆ ಕುಳಿತು ಎರಡು ಮೂರು ಮಾದರಿಗಳ ನಕ್ಷೆ ಬರೆದು, ಪರೀಕ್ಷೆ ಮಾಡಿ ಬಿಡುಗಡೆ ಮಾಡಿದರೆ, ಆಮೇಲೆ ಬಂಪರನ್ನು ಆ ನಕ್ಷೆಯಂತೆ ಮಾಡಿದೆಯೇ ಇಲ್ಲವೇ ಎಂದು ನೋಡಲು ಟೇಪು, ತಕ್ಕಡಿ ಮತ್ತು ಬೆಸುಗೆ ಬಲ್ಲವರ ಕಣ್ಣು ಸಾಕು. ಅಂಥ ಕಣ್ಣುಳ್ಳವರು ಸರ್ಕಾರಿ ಐಟಿಐಗಳಲ್ಲಿ, ಪಾಲಿಟೆಕ್ನಿಕ್ಕುಗಳಲ್ಲಿ ಸಂಬಳ ಪಡೆದು ಕುಳಿತಿದ್ದಾರೆ; ಅವರ ಸಹಿಯಿರುವ ಪ್ರಮಾಣಪತ್ರವನ್ನು ಆರ್‌ಟಿಒ ಒಪ್ಪಿ ಆರ್‌ಸಿಯಲ್ಲಿ ನಮೂದಿಸಿಕೊಂಡರೆ ಜೀಪು ಎಫ್‌ಸಿಗೆ ಬಂಪರಿನೊಂದಿಗೇ ಹೋಗುತ್ತದೆ.

ನಿಯಮ ರಚಿಸುವುದು ಕೇಂದ್ರದ ಅಧಿಕಾರವಾದರೂ, ಮಲೆನಾಡು ಮತ್ತು ಕೊಡಗಿನ ಜೀಪುಗಳ ಸ್ಥಿತಿಯನ್ನು ವಿವರಿಸಿ ಅದಕ್ಕೆ ಶಿಫಾರಸು ಕಳಿಸುವ ಕೆಲಸ ನಮ್ಮ ಸಾರಿಗೆ ಇಲಾಖೆಯದು. ಅಲ್ಲಿಯವರೆಗೂ ಇಲಾಖೆ ತನ್ನ ಕೈಯಲ್ಲೇ ಇರುವ ಒಂದು ಕೆಲಸವನ್ನು ಮಾಡಬಹುದು. ಎದ್ದುನಿಂತ ಪೈಪು, ಹೊರಚಾಚಿದ ತುದಿ ಇರುವ ವಾಹನಗಳನ್ನು, ಅವು ಯಾರದೇ ಆಗಿರಲಿ, ಸರ್ಕಾರಿ ಫಲಕ ಹೊತ್ತಿದ್ದರೂ ಸರಿ, ತಡೆದು ಬಿಚ್ಚಿಸಲಿ. ಕಂಪನಿಯ ಮೂಲ ಚಾನಲ್ಲಿನ ಅಳತೆಯಲ್ಲೇ ಹೊಸ ಚಾನಲ್ ಹಾಕಿಸಿಕೊಂಡ ಹಳೆಯ ಜೀಪಿನವರಿಗೆ ಅದನ್ನು ದುರಸ್ತಿಯೆಂದು ಪರಿಗಣಿಸುವಂತೆ ತಪಾಸಣಾ ಸಿಬ್ಬಂದಿಗೆ ಸುತ್ತೋಲೆ ಹೊರಡಿಸಲಿ. ಆ ಸುತ್ತೋಲೆಯ ಜೊತೆಗೆ ಹಳೆಯ ಜೀಪುಗಳ ಮೂಲ ಬಂಪರಿನ ಚಿತ್ರ ಮತ್ತು ಅಳತೆ ಇರುವ ಒಂದು ಹಾಳೆಯನ್ನು ಲಗತ್ತಿಸಿದರೆ, ಚೆಕ್‌ಪೋಸ್ಟಿನಲ್ಲಿ ವಾಗ್ವಾದ ಬೇಕಾಗುವುದಿಲ್ಲ.

ಇಂತಿ,
ನಿವೃತ್ತ ಐಟಿಐ ವೆಲ್ಡಿಂಗ್ ಬೋಧಕ, ಮೂಡಿಗೆರೆ